ಇಕೋ ವ್ಯಾನಿನಲ್ಲಿ ಆರು ರಾತ್ರಿ: ಬೆಳಗಾವಿ, ಬಾದಾಮಿ, ವಿಜಯಪುರ ಸುತ್ತಲು ಸಮಗ್ರ ಮಾರ್ಗದರ್ಶಿ

ನಮ್ಮ ಅಜ್ಜಿ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿಯಲ್ಲಿ ಹೋಗುತ್ತಿದ್ದಳು. ಮೇಲೆ ಕೊಲ್ಲಾರಿ, ಒಳಗೆ ಹುಲ್ಲು, ಹುಲ್ಲಿನ ಮೇಲೆ ಕೌದಿ. ಒಂದು ಮೂಲೆಯಲ್ಲಿ ಕಟಕ್ ರೊಟ್ಟಿಯ ಗಂಟು, ಇನ್ನೊಂದು ಮೂಲೆಯಲ್ಲಿ ನೀರಿನ ಕೊಡ. ಹೊತ್ತು ಮುಳುಗುವ ಮೊದಲೇ ಯಾರದೋ ಹೊಲದಲ್ಲಿ ಎತ್ತು ಬಿಚ್ಚಿ, ಮೂರು ಕಲ್ಲು ಇಟ್ಟು ಒಲೆ ಹೂಡುತ್ತಿದ್ದರಂತೆ. ಈಗ ಯೂಟ್ಯೂಬಿನಲ್ಲಿ ಇದಕ್ಕೇ ವ್ಯಾನ್ ಲೈಫ್ ಅಂತಾರೆ.

ನಾನೂ ನಮ್ಮವರೂ ಇಂಥ ಪ್ರವಾಸ ಶುರು ಮಾಡಿದಾಗ ಹೊರದೇಶದ ವಿಡಿಯೊ ನೋಡಿಯೇ ತಯಾರಿ ಮಾಡಿದ್ದೆವು. ಅಲ್ಲಿ ದುಡ್ಡು ಕಟ್ಟಿದರೆ ಕ್ಯಾಂಪ್‌ಗ್ರೌಂಡಿನಲ್ಲಿ ಕರೆಂಟು, ನೀರು, ಕಕ್ಕಸು ಎಲ್ಲ ಸಿಗುತ್ತದೆ. ನಮ್ಮ ಕಡೆ ಹೈವೇಯಲ್ಲಿ ಅಂಥ ಬೋರ್ಡು ಎಲ್ಲಿದೆ? ಆದರೆ ಗುಡಿಯ ಅಂಗಳ ಇದೆ, ಯಾತ್ರಿ ನಿವಾಸ ಇದೆ, ಖಾನಾವಳಿ ಇದೆ, ಲಾರಿಗಳು ನಿಲ್ಲುವ ಪೆಟ್ರೋಲ್ ಬಂಕ್ ಇದೆ. ವಿಡಿಯೊ ಪಕ್ಕಕ್ಕಿಟ್ಟು ಅಜ್ಜಿಯ ಲೆಕ್ಕ ಹಿಡಿದ ಮೇಲೆ ನಮ್ಮ ಪ್ರವಾಸ ಸರಿಹೋಯಿತು. ಆ ಲೆಕ್ಕ ಇಷ್ಟೇ: ಮೊದಲು ರಾತ್ರಿ ಎಲ್ಲಿ ನಿಲ್ಲುವುದು ಅಂತ ಗೊತ್ತುಮಾಡಿಕೊಳ್ಳಿ, ನೋಡುವ ಜಾಗ ಆಮೇಲೆ. ಸಂಜೆ 5ಕ್ಕೆ ಗಾಡಿ ನಿಲ್ಲಲೇಬೇಕು.

ಹೆಜ್ಜೆ 1: ಯಾವಾಗ ಹೊರಡುವುದು

ನವೆಂಬರ್ ನಡುವಿನಿಂದ ಫೆಬ್ರವರಿ ಮೊದಲ ವಾರದ ತನಕ. ಮಾರ್ಚ್ ಬಂತೆಂದರೆ ಬಾದಾಮಿಯ ಕೆಂಪು ಬಂಡೆಗಳು ರಾತ್ರಿಯೂ ಬಿಸಿ ಉಗುಳುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ಕಡೆ 40 ಡಿಗ್ರಿ ದಾಟುವುದು ಮಾಮೂಲು. ತಗಡಿನ ಡಬ್ಬಿಯೊಳಗೆ ಇಬ್ಬರು ಮಲಗುವ ಹವೆ ಅದಲ್ಲ.

ಚಳಿಗಾಲದಲ್ಲಿ ಎರಡು ವಿಷಯ ನೆನಪಿರಲಿ. ಒಂದು, ಜಾತ್ರೆಗಳು. ಬನದ ಹುಣ್ಣಿಮೆಗೆ (ಪುಷ್ಯ ಮಾಸ) ಬನಶಂಕರಿ ಜಾತ್ರೆ, ಭಾರತ ಹುಣ್ಣಿಮೆಗೆ (ಮಾಘ ಮಾಸ) ಎಲ್ಲಮ್ಮನ ಜಾತ್ರೆ, ಸಂಕ್ರಾಂತಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ. ಜಾತ್ರೆ ನೋಡಬೇಕೆಂದರೆ ಅದೇ ದಿನ ಹೋಗಿ, ನಿದ್ದೆಯ ಆಸೆ ಬಿಡಿ. ಇಲ್ಲದಿದ್ದರೆ ಆ ವಾರ ತಪ್ಪಿಸಿ. ಎಲ್ಲಮ್ಮನ ಗುಡ್ಡಕ್ಕೆ ಮಂಗಳವಾರ, ಶುಕ್ರವಾರವೂ ಜನ ಜಾಸ್ತಿ.

ಎರಡನೆಯದು ಕಬ್ಬು. ಅದರ ಮಾತು ಮುಂದೆ ಹೇಳುತ್ತೇನೆ, ಅದಕ್ಕೆ ಬೇರೆಯೇ ಜಾಗ ಬೇಕು.

ಹೆಜ್ಜೆ 2: ಗಾಡಿಯನ್ನು ಮನೆ ಮಾಡುವುದು, ಆದರೆ ಕೊಯ್ಯದೆ

ನಮ್ಮದು ಹಳೆಯ ಮಾರುತಿ ಇಕೋ. ಓಮ್ನಿ ಇದ್ದರೂ ನಡೆಯುತ್ತದೆ, ಸ್ವಲ್ಪ ಇಕ್ಕಟ್ಟು ಅಷ್ಟೆ.

ಮೊದಲ ಮಾತು, ಗಾಡಿಯ ಮೈಗೆ ಕತ್ತರಿ ಹಾಕಬೇಡಿ. ಮೇಲ್ಛಾವಣಿ ಎತ್ತರಿಸುವುದು, ಬಾಡಿ ಕೊಯ್ಯುವುದು, ಸೀಟು ಕಿತ್ತು ವೆಲ್ಡಿಂಗ್ ಮಾಡಿಸುವುದು ಬೇಡ. ಕಂಪನಿ ಮಾಡಿಕೊಟ್ಟ ರಚನೆಗೆ ವಿರುದ್ಧವಾಗಿ ವಾಹನ ಬದಲಿಸುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಆರ್‌ಟಿಒ ಹಿಡಿದರೆ ದಂಡ ಒಂದು ಕಡೆ, ಅಪಘಾತವಾದಾಗ ವಿಮೆಯವರು ಕೈ ಎತ್ತುವ ಭಯ ಇನ್ನೊಂದು ಕಡೆ. ಏನೇ ಕೂರಿಸಿದರೂ ಹತ್ತು ನಿಮಿಷದಲ್ಲಿ ಹೊರಗೆ ತೆಗೆಯುವ ಹಾಗಿರಲಿ.

ನಾವು ಮಾಡಿದ್ದು ಹೀಗೆ. ಹಿಂದಿನ ಸೀಟನ್ನು ಮುಂದಕ್ಕೆ ಮಡಚಿ, ಅದರ ಮೇಲೆ ಬರುವ ಹಾಗೆ 12 ಎಂಎಂ ಪ್ಲೈವುಡ್ಡಿನ ಮಣೆ ಮಾಡಿಸಿದೆವು. ಒಂದೇ ತುಂಡಲ್ಲ, ಮೂರು ತುಂಡು. ನಡುವೆ ಕೀಲು, ಕೆಳಗೆ ಅಡ್ಡಪಟ್ಟಿ, ಮಡಚುವ ಕಾಲು. ಗಾಡಿ ಓಡುವಾಗ ಅಲುಗದಂತೆ ಎರಡು ಬೆಲ್ಟಿನಿಂದ ಬಿಗಿಯುತ್ತೇವೆ. ಅಳತೆ ನನ್ನನ್ನು ಕೇಳಬೇಡಿ, ನಿಮ್ಮ ಗಾಡಿಗೆ ನೀವೇ ಟೇಪ್ ಹಿಡಿಯಿರಿ. ಹಿಡಿಯುವಾಗ ಒಬ್ಬರು ಒಳಗೆ ಮಲಗಿ ನೋಡಿ. ನಮ್ಮವರು ಬರೀ ಕಾಗದದ ಮೇಲೆ ಲೆಕ್ಕ ಹಾಕಿ ಮಾಡಿಸಿದ ಮೊದಲ ಮಣೆಯಲ್ಲಿ ಅವರ ಪಾದ ಹಿಂದಿನ ಬಾಗಿಲಿಗೆ ಒತ್ತುತ್ತಿತ್ತು. ಬಡಿಗ ನಕ್ಕು ಇನ್ನೊಂದು ಸಲ ಮಾಡಿಕೊಟ್ಟ, ದುಡ್ಡನ್ನೂ ಇನ್ನೊಂದು ಸಲ ತೆಗೆದುಕೊಂಡ.

ಮಣೆಯ ಎತ್ತರದಲ್ಲಿ ಎಲ್ಲರೂ ತಪ್ಪುತ್ತಾರೆ. ಕೆಳಗೆ ಸಾಮಾನು ಹಿಡಿಯಲಿ ಎಂದು ಎತ್ತರ ಮಾಡಿದರೆ ಮೇಲೆ ಕೂತಾಗ ತಲೆ ಛಾವಣಿಗೆ ಬಡಿಯುತ್ತದೆ. ಮಳೆ ಬಂದಾಗ, ಸೊಳ್ಳೆ ಬಂದಾಗ ಒಳಗೇ ಕೂರಬೇಕಾಗುತ್ತದೆ. ಆಗ ಕತ್ತು ಬಗ್ಗಿಸಿ ಕೂತರೆ ಗಂಡ ಹೆಂಡತಿ ನಡುವೆ ಜಗಳ ಖಂಡಿತ. ಕೂರಲು ಬರಬೇಕು, ಸಾಮಾನು ಕಡಿಮೆ ಆದರೂ ಪರವಾಗಿಲ್ಲ. ಮೇಲೆ ತೆಳ್ಳನೆಯ ಫೋಮ್ ಹಾಸಿಗೆ, ಎರಡು ಕೌದಿ. ಜನವರಿಯ ಬೆಳಗಿನ ಜಾವಕ್ಕೆ ಎರಡು ಬೇಕೇ ಬೇಕು.

ಕಿಟಕಿಗಳಿಗೆ ಸೊಳ್ಳೆ ಪರದೆಯ ಬಟ್ಟೆ ಕತ್ತರಿಸಿ, ಅಂಚಿಗೆ ಚಿಕ್ಕ ಅಯಸ್ಕಾಂತ ಹೊಲಿದರೆ ಬಾಗಿಲ ತಗಡಿಗೆ ತಾನೇ ಕಚ್ಚಿಕೊಳ್ಳುತ್ತದೆ. ಮರೆಗೆ ನನ್ನ ಹಳೆಯ ಇಳಕಲ್ ಸೀರೆಯ ತುಂಡುಗಳು. ಓಡಿಸುವಾಗ ಅವನ್ನೆಲ್ಲ ತೆಗೆದಿಡಬೇಕು, ನಿಂತಾಗ ಮಾತ್ರ ಕಟ್ಟಬೇಕು. ರಾತ್ರಿ ಎರಡು ಕಿಟಕಿ ಎರಡು ಬೆರಳಷ್ಟು ತೆರೆದಿರಲಿ. ಪೂರ್ತಿ ಮುಚ್ಚಿ ಮಲಗಿದರೆ ಬೆಳಗ್ಗೆ ಗಾಜಿನಿಂದ ನೀರು ಇಳಿಯುತ್ತದೆ, ತಲೆ ಭಾರವಾಗುತ್ತದೆ.

ಹೆಜ್ಜೆ 3: ಕರೆಂಟು, ನೀರು, ಒಲೆ

ಗಾಡಿಯ ಬ್ಯಾಟರಿಯನ್ನು ರಾತ್ರಿ ಮುಟ್ಟಬೇಡಿ. ಇದನ್ನು ನಾವು ಕಲಿತದ್ದು ಲೋಕಾಪುರದ ಆಚೆ ಒಂದು ಧಾಬಾದ ಅಂಗಳದಲ್ಲಿ. ಲೈಟರ್ ಸಾಕೆಟ್ಟಿಗೆ ಫ್ಯಾನು ಸಿಕ್ಕಿಸಿ ಹಾಯಾಗಿ ಮಲಗಿದೆವು. ಬೆಳಗ್ಗೆ ಕೀ ತಿರುಗಿಸಿದರೆ ಬರೀ ಟಕ್ ಟಕ್. ಚಹಾ ಕುಡಿಯಲು ನಿಂತಿದ್ದ ಕಬ್ಬಿನ ಟ್ರ್ಯಾಕ್ಟರಿನ ಹುಡುಗನೊಬ್ಬ ಬಂದು, ಬಾನೆಟ್ ಎಲ್ಲಿ ಅಂತ ಹುಡುಕಿದ. ಇಕೋದಲ್ಲಿ ಎಂಜಿನ್ನು ಮುಂದಿನ ಸೀಟಿನ ಕೆಳಗೆ ಅಲ್ವಾ! ಕೊನೆಗೆ ತನ್ನ ಬ್ಯಾಟರಿಯಿಂದ ವೈರು ಎಳೆದು ಸ್ಟಾರ್ಟ್ ಮಾಡಿಸಿಕೊಟ್ಟ. "ಅಕ್ಕಾರ, ಫ್ಯಾನಿಗೆ ಬ್ಯಾರೆ ಬ್ಯಾಟ್ರಿ ಇಡ್ರಿ" ಅಂದ.

ಲೆಕ್ಕ ಸುಲಭ. 20 ವ್ಯಾಟಿನ ಫ್ಯಾನು 8 ತಾಸು ಓಡಿದರೆ 160 ವ್ಯಾಟ್ ಅವರ್. ಒಂದು ಎಲ್‌ಇಡಿ ದೀಪಕ್ಕೆ 20, ಎರಡು ಫೋನಿಗೆ 30. ಒಟ್ಟು 210. 12 ವೋಲ್ಟಿನ 40 ಆಂಪಿಯರ್ ಅವರ್ ಲಿಥಿಯಂ ಬ್ಯಾಟರಿಯಲ್ಲಿ 480 ವ್ಯಾಟ್ ಅವರ್ ಇರುತ್ತದೆ, ಅಂದರೆ ಎರಡು ರಾತ್ರಿ ಆರಾಮ. ಲೆಡ್ ಆಸಿಡ್ ಬ್ಯಾಟರಿಯಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಹಾಗಾಗಿ ಅಷ್ಟೇ ಕೆಲಸಕ್ಕೆ ಎರಡರಷ್ಟು ದೊಡ್ಡದು ಬೇಕು. ಸೋಲಾರ್ ಬೇಕಾಗಿಲ್ಲ. ಖಾನಾವಳಿಯಲ್ಲಿ ಊಟಕ್ಕೆ ಕೂತಾಗ ಕೇಳಿದರೆ ಚಾರ್ಜಿಗೆ ಹಾಕಿಕೊಳ್ಳಲು ಯಾರೂ ಬೇಡ ಅಂದಿಲ್ಲ.

ನೀರಿಗೆ 20 ಲೀಟರಿನ ನಲ್ಲಿ ಇರುವ ಕ್ಯಾನು. ಕುಡಿಯಲು, ಅಡುಗೆಗೆ, ಮುಖ ತೊಳೆಯಲು ಇಬ್ಬರಿಗೆ ಒಂದೂವರೆ ದಿನ. ಕುಡಿಯುವ ನೀರನ್ನು ಊರೂರಿನ ಶುದ್ಧ ನೀರಿನ ಘಟಕದಲ್ಲಿ ತುಂಬಿಸಿಕೊಳ್ಳಿ. ನಾಣ್ಯ ಹಾಕುವ ಯಂತ್ರ, ಹಾಗಾಗಿ 5 ರೂಪಾಯಿ ನಾಣ್ಯಗಳನ್ನು ಡಬ್ಬಿಯಲ್ಲಿ ಕೂಡಿಡಿ.

ಒಲೆಗೆ 5 ಕಿಲೋದ ಚಿಕ್ಕ ಸಿಲಿಂಡರ್. ಅಡುಗೆ ಮಾತ್ರ ಗಾಡಿಯ ಹೊರಗೆ, ಹಿಂದಿನ ಬಾಗಿಲು ಎತ್ತಿ ಅದರ ನೆರಳಿನಲ್ಲಿ. ಒಳಗೆ ಒಲೆ ಹಚ್ಚಬೇಡಿ, ಚಳಿಗೆ ಅಂತ ಕೆಂಡದ ಬಟ್ಟಲನ್ನೂ ಇಡಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ.

ಕಕ್ಕಸಿನ ವಿಷಯ ನಾಚಿಕೆ ಬಿಟ್ಟು ಹೇಳುತ್ತೇನೆ, ಯಾಕೆಂದರೆ ಹೆಂಗಸರು ಈ ಪ್ರವಾಸಕ್ಕೆ ಹಿಂಜರಿಯುವುದೇ ಇದಕ್ಕೆ. ಪೆಟ್ರೋಲ್ ಬಂಕಿನಲ್ಲಿ ಶೌಚಾಲಯ, ಕುಡಿಯುವ ನೀರು, ಗಾಳಿ ಪುಕ್ಕಟೆ ಕೊಡಬೇಕು ಎಂಬ ನಿಯಮವಿದೆ. ಬೀಗ ಹಾಕಿದ್ದರೆ ಕೀ ಕೇಳಿ. ನಾನು ಪೆಟ್ರೋಲ್ ಹಾಕಿಸುವ ಮೊದಲೇ ಕೇಳುತ್ತೇನೆ. ಕೀ ಬಂದರೆ ಪೆಟ್ರೋಲು, ಇಲ್ಲದಿದ್ದರೆ ಮುಂದಿನ ಬಂಕು.

ಹೆಜ್ಜೆ 4: ಬುತ್ತಿ

ಕಟಕ್ ರೊಟ್ಟಿ 40, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಒಂದು ಡಬ್ಬಿ ಮಾದಲಿ. ಇಷ್ಟಿದ್ದರೆ ಫ್ರಿಜ್ಜಿನ ಚಿಂತೆ ಇಲ್ಲ. ಕಟಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಮುರಿಯಬಾರದು ಅಷ್ಟೆ. ಸ್ಟೀಲ್ ಡಬ್ಬಿಯಲ್ಲಿ ಹಾಕಿದರೆ ಅಲುಗಾಡಿ ಪುಡಿಯಾಗುತ್ತದೆ. ಹಳೆಯ ಧೋತರದಲ್ಲಿ ಬಿಗಿಯಾಗಿ ಕಟ್ಟಿ ಹಾಸಿಗೆಯ ತಲೆದೆಸೆಯಲ್ಲಿಡಿ. ಬೆಳಗಿನ ಚಹಾ, ಅವಲಕ್ಕಿ ನಾವೇ ಮಾಡಿಕೊಳ್ಳುತ್ತೇವೆ. ಮಧ್ಯಾಹ್ನ ಖಾನಾವಳಿಯಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ, ಝುಣಕ. ರಾತ್ರಿ ಬುತ್ತಿ ಬಿಚ್ಚಿ, ಹಳ್ಳಿಯಲ್ಲಿ ಸಿಕ್ಕ ಮೊಸರು ಹಾಕಿಕೊಂಡರೆ ಮುಗಿಯಿತು.

ಹೆಜ್ಜೆ 5: ರಾತ್ರಿ ಗಾಡಿ ಎಲ್ಲಿ ನಿಲ್ಲಿಸುವುದು

ನಮ್ಮ ಮೊದಲ ಆಯ್ಕೆ ದೊಡ್ಡ ಗುಡಿಗಳ ಯಾತ್ರಿ ನಿವಾಸ. ಕೋಣೆ ಅಗ್ಗ. ಕೋಣೆ ಬೇಡವಾದರೆ ಅಂಗಳದಲ್ಲಿ ಗಾಡಿ ನಿಲ್ಲಿಸಲು ಕೇಳಬಹುದು. ಸ್ನಾನದ ವ್ಯವಸ್ಥೆ, ದಾಸೋಹದ ಊಟ, ರಾತ್ರಿಯೆಲ್ಲ ದೀಪ, ಕಾವಲುಗಾರ. ಊಟ ಪುಕ್ಕಟೆ ಅಂತ ಸುಮ್ನೆ ಎದ್ದು ಬರಬೇಡಿ, ಹುಂಡಿಗೆ ಕೈಲಾದಷ್ಟು ಹಾಕಿ.

ಆಮೇಲೆ ಹೈವೇ ಬದಿಯ ಬಂಕು, ಧಾಬಾ. ಲಾರಿಗಳು ಎಲ್ಲಿ ಜಾಸ್ತಿ ನಿಂತಿವೆಯೋ ಅಲ್ಲಿ ನಿಲ್ಲಿ. ಆದರೆ ಲಾರಿಗಳ ನಡುವೆ ಅಲ್ಲ, ಮೂಲೆಗೆ. ಬೆಳಗಿನ 4ಕ್ಕೆ ಅವು ಹೊರಡುವಾಗ ಹಿಂದೆ ಸಣ್ಣ ಗಾಡಿ ಇದೆ ಅಂತ ಗೊತ್ತಾಗುವುದಿಲ್ಲ.

ಹೊಲದಲ್ಲಿ ಮಲಗುವ ಸುಖ ಬೇರೆ. ಮಾಲೀಕರನ್ನು ಕೇಳಿಯೇ ಒಳಗೆ ಹೋಗಬೇಕು. ಕೇಳುವ ರೀತಿಯೂ ಇದೆ. ಗಾಡಿಯಲ್ಲೇ ಕೂತು ಹಾರ್ನ್ ಹೊಡೆದು ಕೇಳಬೇಡಿ. ಇಳಿದು, ಇಬ್ಬರೂ ಹೋಗಿ, ಮೊದಲು ನಿಮ್ಮ ಊರು ಹೇಳಿ. ಅವರು "ಯಾರ ಪೈಕಿ?" ಅಂತ ಕೇಳುತ್ತಾರೆ. ಉತ್ತರ ಕೊಟ್ಟು ಮುಗಿಯುವ ಹೊತ್ತಿಗೆ ಚಹಾ ಬಂದಿರುತ್ತದೆ. ಬಾಡಿಗೆ ಕೊಟ್ಟರೆ ತೆಗೆದುಕೊಳ್ಳುವುದಿಲ್ಲ. ನಾವು ಬೆಳಗಾವಿ ಕುಂದಾದ ಡಬ್ಬಿ ನಾಲ್ಕೈದು ಇಟ್ಟುಕೊಂಡು ಹೋಗುತ್ತೇವೆ, ಮಕ್ಕಳ ಕೈಗೆ ಕೊಟ್ಟರೆ ಮುಗಿಯಿತು. ಕಬ್ಬಿನ ಹೊಲದ ಹತ್ತಿರ ಮಾತ್ರ ಒಲೆ ಹಚ್ಚಬೇಡಿ. ಒಣಗಿದ ರವದಿಗೆ, ಅಂದರೆ ಕಬ್ಬಿನ ಗರಿಗೆ, ಒಂದು ಕಿಡಿ ಸಾಕು.

ನದಿ ದಂಡೆ ಎಷ್ಟೇ ಚಂದ ಕಂಡರೂ ಅಲ್ಲಿ ರಾತ್ರಿ ಬೇಡ. ಕೃಷ್ಣೆಯಲ್ಲಿ ಮೊಸಳೆಗಳಿವೆ, ದಂಡೆಯ ಹೊಲಗಳಿಗೂ ಬರುತ್ತವೆ. ಅಣೆಕಟ್ಟೆಯಿಂದ ನೀರು ಬಿಟ್ಟರೆ ಕೆಳಗಿನ ಮರಳು ದಂಡೆ ಮುಳುಗುತ್ತದೆ. ಪುರಾತತ್ವ ಇಲಾಖೆಯ ಆವರಣದಲ್ಲೂ ಮಲಗುವ ಹಾಗಿಲ್ಲ.

ಮೂರು ರಾತ್ರಿಗೊಮ್ಮೆ ಒಂದು ಕೋಣೆ ಮಾಡಿ. ಬಿಸಿನೀರಿನ ಸ್ನಾನ, ಬಟ್ಟೆ ತೊಳೆಯುವುದು, ಕಾಲು ಚಾಚಿ ನಿದ್ದೆ. ಬಾದಾಮಿಯಲ್ಲಿ ರಾಜ್ಯ ಪ್ರವಾಸೋದ್ಯಮ ನಿಗಮದ (ಕೆಎಸ್‌ಟಿಡಿಸಿ) ಹೋಟೆಲು ಮಯೂರ ಚಾಲುಕ್ಯ, ವಿಜಯಪುರದಲ್ಲಿ ಮಯೂರ ಆದಿಲ್‌ಶಾಹಿ ಇವೆ. ವ್ಯಾನಿನಲ್ಲೇ ಇರಬೇಕೆಂಬ ಹಟ ಮಾಡಿದವರು ಮೂರನೇ ದಿನ ಮನೆಗೆ ವಾಪಸ್ ಬಂದದ್ದನ್ನು ನೋಡಿದ್ದೇನೆ.

ಹೆಜ್ಜೆ 6: ದಾರಿ

ಮೊದಲ ದಿನ ಬೆಳಗಾವಿಯಿಂದ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಕಿತ್ತೂರು. 1824ರಲ್ಲಿ ಚೆನ್ನಮ್ಮ ಇಂಗ್ಲಿಷರ ಮೇಲೆ ಬಿದ್ದ ಕೋಟೆ ಈಗ ಬರೀ ಗೋಡೆ. ಅರ್ಧ ತಾಸು ಸಾಕು. ಬೈಲಹೊಂಗಲದ ಮೇಲೆ ಸವದತ್ತಿ. ಮಲಪ್ರಭೆಗೆ ಕಟ್ಟಿದ ನವಿಲುತೀರ್ಥ ಅಣೆಕಟ್ಟು ನೋಡಿ, ಸಂಜೆ 5ರೊಳಗೆ ಎಲ್ಲಮ್ಮನ ಗುಡ್ಡ. ಮಲಗುವ ಮೊದಲು ಸುಮ್ನೆ ಒಂದು ಸುತ್ತು ನಡೆದು ಬನ್ನಿ. ಟ್ರ್ಯಾಕ್ಟರ್ ಟ್ರೇಲರಿಗೆ ತಾಡಪತ್ರಿ ಕಟ್ಟಿ ಮನೆ ಮಾಡಿಕೊಂಡ ಕುಟುಂಬಗಳು, ಮೂರು ಕಲ್ಲಿನ ಒಲೆಯ ಮೇಲೆ ಕಡುಬು, ಎಲ್ಲಮ್ಮನ ಹೆಸರಿನ ಪರಡಿ ಬುಟ್ಟಿಗೆ ನೈವೇದ್ಯ ತುಂಬಿಸುವವರು, ಎಲ್ಲಿಂದಲೋ "ಉಧೋ ಉಧೋ". ನಮ್ಮ ಗಾಡಿಯ ಮಣೆ, ಕೀಲು, ಅಯಸ್ಕಾಂತದ ಪರದೆ ನೋಡಿ ಒಬ್ಬ ಅಜ್ಜಿ, "ಇಷ್ಟಕ್ಕ ಇಷ್ಟು ರೊಕ್ಕ ಹಾಕೀರಿ?" ಅಂದಳು. ಉತ್ತರ ಇರಲಿಲ್ಲ.

ಎರಡನೇ ದಿನ ನರಗುಂದ, ಕುಳಗೇರಿ ಕ್ರಾಸ್ ಮೇಲೆ ಬಾದಾಮಿ. ಇಲ್ಲಿ ಎರಡು ರಾತ್ರಿ ಇರಿ. ಗುಹೆಗಳಿಗೆ ಬೆಳಗ್ಗೆ, ಕೆರೆಯಾಚೆಯ ಭೂತನಾಥ ಗುಡಿಗೆ ಸಂಜೆ. ಪಡುವಣ ಬಿಸಿಲು ನೇರ ಗುಡಿಯ ಮೇಲೆ ಬೀಳುತ್ತದೆ. ನಾಲ್ಕು ಗುಹೆಗಳಲ್ಲಿ ಮೂರನೆಯದಕ್ಕೆ ಹೊತ್ತು ಕೊಡಿ. ಅದನ್ನು 578ರಲ್ಲಿ ಮಂಗಳೇಶ ಮಾಡಿಸಿದ ಎಂಬ ಶಾಸನ ಅಲ್ಲೇ ಇದೆ. ಕನ್ನಡದ ಅತಿ ಹಳೆಯ ತ್ರಿಪದಿ ಇರುವ ಕಪ್ಪೆ ಅರಭಟ್ಟನ ಶಾಸನವೂ ಇದೇ ಊರಿನ ಬಂಡೆಯ ಮೇಲಿದೆ, ಊರವರನ್ನು ಕೇಳಿಕೊಂಡು ಹೋಗಬೇಕು.

ಕೋತಿಗಳ ಬಗ್ಗೆ ಎಚ್ಚರ. ಗಾಳಿಗೆ ಅಂತ ನಾಲ್ಕು ಬೆರಳು ಇಳಿಸಿದ ಗಾಜಿನ ಸಂದಿಯಲ್ಲಿ ಮರಿಕೋತಿಯೊಂದು ಒಳಗೆ ಇಳಿಯಿತು. ದೊಡ್ಡದು ಹೊರಗೆ ಕಾಯುತ್ತಿತ್ತು. ಮರಿ ಒಳಗಿನಿಂದ ಬಾಳೆಹಣ್ಣು ಒಂದೊಂದಾಗಿ ಹೊರಗೆ ಕೊಟ್ಟಿತು. ಆಮೇಲೆ ರೊಟ್ಟಿಯ ಗಂಟು ಬಿಚ್ಚಿತು. ಒಂದು ರೊಟ್ಟಿ ತೆಗೆದು ಕಚ್ಚಿ, ಕಟಕ್ ಅಂದ ಸದ್ದಿಗೆ ತಾನೇ ಬೆಚ್ಚಿ, ಕೆಳಗೆ ಹಾಕಿ ಓಡಿತು. ರೊಟ್ಟಿ ಉಳಿಯಿತು. ನೀವು ಗಾಜು ಪೂರ್ತಿ ಏರಿಸಿ ಹೋಗಿ.

ಮೂರನೇ ದಿನ 5 ಕಿಲೋಮೀಟರಿನ ಬನಶಂಕರಿ, ಆಮೇಲೆ ಮಹಾಕೂಟ. ಬನಶಂಕರಿಯ ಹೊಂಡದ ಕಟ್ಟೆಯಲ್ಲಿ ಬುಟ್ಟಿ ಹೊತ್ತ ಹೆಂಗಸರು ರೊಟ್ಟಿ, ಕಾಳಿನ ಪಲ್ಯ, ಕೆಂಪು ಚಟ್ನಿ, ಮೊಸರು ಬಡಿಸುತ್ತಾರೆ. ಆ ದಿನ ಬೇರೆ ಎಲ್ಲೂ ಊಟ ಮಾಡಬೇಡಿ.

ನಾಲ್ಕನೇ ದಿನ ಪಟ್ಟದಕಲ್ಲು, ಐಹೊಳೆ, ಅಮೀನಗಡ, ಕೂಡಲಸಂಗಮ. ಪಟ್ಟದಕಲ್ಲು ಬಾದಾಮಿಯಿಂದ 22 ಕಿಲೋಮೀಟರ್, 1987ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಉತ್ತರದ ಶಿಖರ, ದಕ್ಷಿಣದ ಶಿಖರ ಒಂದೇ ಅಂಗಳದಲ್ಲಿ ಪಕ್ಕಪಕ್ಕ ನಿಂತಿರುವುದನ್ನು ನೋಡಬೇಕು. ವಿರೂಪಾಕ್ಷ ಗುಡಿಯನ್ನು ರಾಣಿ ಲೋಕಮಹಾದೇವಿ ಕಟ್ಟಿಸಿದ್ದು, ಗಂಡ ಕಂಚಿ ಗೆದ್ದ ನೆನಪಿಗೆ. ಐಹೊಳೆಯಲ್ಲಿ ದುರ್ಗಾ ಗುಡಿಯ ಮುಂದೆ ಫೋಟೋ ತೆಗೆಸಿಕೊಂಡು ಎಲ್ಲರೂ ಹೊರಟುಬಿಡುತ್ತಾರೆ. ನೀವು ಮೇಗುತಿ ಗುಡ್ಡ ಹತ್ತಿ. ಪುಲಕೇಶಿ ಹರ್ಷನನ್ನು ಸೋಲಿಸಿದ್ದನ್ನು ಹೇಳುವ 634ರ ರವಿಕೀರ್ತಿ ಶಾಸನ ಮೇಲಿದೆ. ಜನವೇ ಇರುವುದಿಲ್ಲ. ಇಲ್ಲಿನ ಮ್ಯೂಸಿಯಂಗಳಿಗೆ ಶುಕ್ರವಾರ ರಜೆ, ದಿನ ನೋಡಿಕೊಂಡು ಹೋಗಿ. ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಳ್ಳಿ. ರಾತ್ರಿಗೆ ಕೂಡಲಸಂಗಮದ ಯಾತ್ರಿ ನಿವಾಸ. ಕೃಷ್ಣೆ, ಮಲಪ್ರಭೆ ಸೇರುವ ಜಾಗದಲ್ಲಿ ಬಾವಿಯಂತೆ ಕಟ್ಟಿದ ಗೋಡೆಯೊಳಗೆ ಇಳಿದರೆ ಬಸವಣ್ಣನವರ ಐಕ್ಯ ಮಂಟಪ. ಬೆಳಗ್ಗೆ ಬೇಗ ಹೋದರೆ ಕೆಳಗೆ ನಮ್ಮ ಉಸಿರೇ ನಮಗೆ ಕೇಳುತ್ತದೆ.

ಐದನೇ ದಿನ ಆಲಮಟ್ಟಿಯ ಉದ್ಯಾನ ನೋಡಿ, ಹೆದ್ದಾರಿ 50 ಹಿಡಿದು ವಿಜಯಪುರ. ಆರನೇ ದಿನ ಬೆಳಗ್ಗೆ 6ಕ್ಕೆ ಗೋಳಗುಮ್ಮಟದ ಬಾಗಿಲಲ್ಲಿರಿ. ಶಾಲೆ ಮಕ್ಕಳ ಬಸ್ಸು ಬಂದ ಮೇಲೆ ಪಿಸುಗುಟ್ಟುವ ಗ್ಯಾಲರಿಯಲ್ಲಿ ಬರೀ ಕೂಗಾಟ, ಸೀಟಿ. ಏಳು ಅಂತಸ್ತು ಹತ್ತಿ ನಾವಿಬ್ಬರೂ ಎದುರುಬದುರು ಗೋಡೆಗೆ ಕೂತೆವು. ನಡುವೆ ಸುಮಾರು 38 ಮೀಟರ್ ಖಾಲಿ. ನಾನು ಗೋಡೆಗೆ ಕಿವಿ ಇಟ್ಟೆ. 1656ರಲ್ಲಿ ಮುಗಿದ ಗುಮ್ಮಟದ ಆಚೆಯಿಂದ ನಮ್ಮವರ ದನಿ ಬಂತು: "ಚಹಾ ಕುಡಿಯೋಣೇನು?" ಇಷ್ಟು ಹತ್ತಿ ಬಂದು ಕೇಳುವ ಮಾತೇ ಅದು? ಇಬ್ರಾಹಿಂ ರೋಜಾ ಸಂಜೆಗೆ ಇಟ್ಟುಕೊಳ್ಳಿ. ಮಲಿಕ್ ಎ ಮೈದಾನ್ ತೋಪು, ಉಪ್ಪಲಿ ಬುರುಜು, ಬಾರಾ ಕಮಾನ್ ನಡುವೆ ಮುಗಿಯುತ್ತವೆ.

ಏಳನೇ ದಿನ ಹೆದ್ದಾರಿ 52ರಲ್ಲಿ ಕೊಲ್ಹಾರ, ಕೃಷ್ಣೆಯ ಉದ್ದನೆಯ ಸೇತುವೆ, ಗದ್ದನಕೇರಿ ಕ್ರಾಸ್, ಅಲ್ಲಿ ಆ ಹೆದ್ದಾರಿ ಬಿಟ್ಟು ಲೋಕಾಪುರ, ಯರಗಟ್ಟಿ, ಬೆಳಗಾವಿ. ಗೋಕಾಕ ಫಾಲ್ಸ್ ಯಾಕೆ ಬಿಟ್ಟಿರಿ ಅಂತ ಕೇಳುತ್ತೀರಿ. ಘಟಪ್ರಭೆ 52 ಮೀಟರ್ ಮೇಲಿನಿಂದ ಧುಮುಕುವುದನ್ನು ನೋಡಲು ಜುಲೈ, ಆಗಸ್ಟಿನಲ್ಲಿ ಹೋಗಬೇಕು. ಚಳಿಗಾಲದಲ್ಲಿ ಅಲ್ಲಿ ಕಾಣುವುದು ಜಾಸ್ತಿ ಬಂಡೆಯೇ.

ಹೆಜ್ಜೆ 7: ಕಬ್ಬಿನ ಟ್ರ್ಯಾಕ್ಟರು

ದೀಪ ಹಚ್ಚುವ ಹೊತ್ತಿಗೆ ಗಾಡಿ ನಿಲ್ಲಿಸಿ ಅನ್ನುವುದಕ್ಕೆ ದೊಡ್ಡ ಕಾರಣ ಇದು. ಸಕ್ಕರೆ ಕಾರ್ಖಾನೆ ಶುರುವಾದ ಮೇಲೆ ಮುಧೋಳ, ಜಮಖಂಡಿ, ಗೋಕಾಕ ಕಡೆ ರಾತ್ರಿಯಿಡೀ ಟ್ರ್ಯಾಕ್ಟರುಗಳು. ಎರಡೆರಡು ಟ್ರೇಲರ್, ಆಚೀಚೆ ಚಾಚಿದ ಕಬ್ಬು, ಕಿವಿ ಹರಿಯುವ ಹಾಡು, ಹಿಂದೆ ಒಂದು ಕೆಂಪು ದೀಪವೂ ಇರುವುದಿಲ್ಲ. ಹಾಡು ಮುಂದೆ ಕೂತ ಚಾಲಕನಿಗೆ ಕೇಳುತ್ತದೆ, ಹಿಂದಿನಿಂದ ಬರುವ ನಮಗೆ ಗಾಜು ಏರಿಸಿದ್ದರೆ ಅದೂ ಕೇಳುವುದಿಲ್ಲ. ಹಗಲಲ್ಲೂ ಓವರ್‌ಟೇಕ್ ಮಾಡುವಾಗ ಎರಡು ಟ್ರೇಲರಿನ ಉದ್ದ ಲೆಕ್ಕ ಹಿಡಿಯಿರಿ. ತಿರುವಿನಲ್ಲಿ ಅದರ ಪಕ್ಕ ಇರಲೇಬೇಡಿ, ಕಬ್ಬು ಜಾರುತ್ತದೆ.

ಹೆಜ್ಜೆ 8: ಖರ್ಚು

ಒಟ್ಟು 650 ಕಿಲೋಮೀಟರ್ ಓಡಿದೆವು. ಭಾರ ಹೊತ್ತ ಇಕೋ ಲೀಟರಿಗೆ 14 ಕೊಟ್ಟಿತು, ಪೆಟ್ರೋಲಿಗೆ 5 ಸಾವಿರದ ಹತ್ತಿರ. ಊಟ, ಚಹಾ ದಿನಕ್ಕೆ 500ರಂತೆ 3,500. ಕೋಣೆ ಎರಡು ರಾತ್ರಿಗೆ 2,100. ಟಿಕೆಟ್ಟು ನಾವು ಹೋದಾಗ ಪಟ್ಟದಕಲ್ಲಿಗೆ ತಲೆಗೆ 40, ಬಾದಾಮಿ, ಐಹೊಳೆ, ಗೋಳಗುಮ್ಮಟ, ಇಬ್ರಾಹಿಂ ರೋಜಾಕ್ಕೆ 25. ಪಾರ್ಕಿಂಗ್, ಕಾಣಿಕೆ ಸೇರಿ 11 ಸಾವಿರದ ಆಸುಪಾಸು ಮುಗಿಯಿತು. ಕೂಡಲಸಂಗಮದಿಂದ ಇಳಕಲ್ಲಿಗೆ ಹೋಗಿ ತಂದ ಸೀರೆ ಇದರಲ್ಲಿ ಸೇರಿಲ್ಲ. ಅದನ್ನು ನಮ್ಮವರು ಬೇರೆ ಲೆಕ್ಕದಲ್ಲಿ ಬರೆದಿದ್ದಾರೆ.

ಕೊನೆಯ ಹೆಜ್ಜೆ: ಕೊಲ್ಹಾರದ ಗಡಿಗೆ

ವಾಪಸ್ ಬರುವಾಗ ಕೊಲ್ಹಾರದಲ್ಲಿ ಮೊಸರು ಕೊಳ್ಳದೆ ಬರುವ ಹಾಗಿಲ್ಲ. ಮಣ್ಣಿನ ಗಡಿಗೆಯಲ್ಲಿ ಹೆಪ್ಪು ಹಾಕಿದ್ದು, ಚಮಚ ಇಟ್ಟರೆ ನಿಲ್ಲುತ್ತದೆ. ಬೆಳಗಾವಿಯ ತನಕ ಅದನ್ನು ಅಲುಗದಂತೆ ತರುವುದು ಕಷ್ಟ. ಮೊದಲ ಸಲ ಮಣೆಯ ಕೆಳಗೆ ಇಟ್ಟಿದ್ದೆವು. ಯರಗಟ್ಟಿಯ ಹತ್ತಿರ ಒಂದು ರೋಡ್ ಹಂಪ್, ಅಷ್ಟಕ್ಕೇ ಹಾಸಿಗೆ, ಕೌದಿ ಎಲ್ಲ ಮೊಸರು. ಒಂದು ವಾರ ವಾಸನೆ ಹೋಗಲಿಲ್ಲ. ಈಗ ಟವೆಲ್ ಸುತ್ತಿ ಸಿಂಬಿ ಮಾಡುತ್ತೇನೆ. ಸಿಂಬಿಯನ್ನು ಮುಂದಿನ ಸೀಟಿನಲ್ಲಿ ನನ್ನ ಎರಡು ಪಾದಗಳ ನಡುವೆ ಇಟ್ಟು, ಅದರ ಮೇಲೆ ಗಡಿಗೆ, ಬಾಯಿಗೆ ಬಟ್ಟೆ ಕಟ್ಟಿ ಸುತ್ತ ರಬ್ಬರ್ ಬ್ಯಾಂಡ್. ಹಂಪ್ ಬಂದಾಗ ಎರಡೂ ಕೈಯಿಂದ ಕಂಠ ಹಿಡಿಯುತ್ತೇನೆ. ನಮ್ಮವರು ಮಾಮೂಲಿಗಿಂತ ನಿಧಾನ ಓಡಿಸುತ್ತಾರೆ. ಮನೆ ಮುಟ್ಟಿದ ಕೂಡಲೇ ಮೊದಲು ಇಳಿಯುವುದು ಗಡಿಗೆ. ಆಮೇಲೆ ಹಾಸಿಗೆ ಬಿಸಿಲಿಗೆ, ಬ್ಯಾಟರಿ ಚಾರ್ಜಿಗೆ, ಮಣೆ ಮಡಚಿ ಅಟ್ಟಕ್ಕೆ, ಸಿಲಿಂಡರಿನ ರೆಗ್ಯುಲೇಟರ್ ಬಿಚ್ಚಿ ಅಂಗಳಕ್ಕೆ.